ಲಾಂಚ್ ನಿಂತಮೇಲೆ ಅಜ್ಜನ ಮನೆಗೆ

ನನ್ನ ಮಗನಿಗೆ ಅಜ್ಜನ ಮನೆ ಶುರುವಾಗುತ್ತಿದ್ದದ್ದು ತುಮರಿಯಲ್ಲಲ್ಲ, ಶರಾವತಿ ಹಿನ್ನೀರಿನ ಈಚೆ ದಡದ ಅಂಬಾರಗೋಡ್ಲು ಕಡವಿನಲ್ಲಿ. ಸಾಗರದಿಂದ ಬಂದ ಬಸ್ಸು, ಸಿಗಂದೂರಿಗೆ ಹೊರಟ ಕಾರುಗಳು, ಸಂದಿಯಲ್ಲಿ ತೂರಿಕೊಂಡ ಬೈಕುಗಳು, ಎಲ್ಲ ಲಾಂಚಿಗೆ ಏರಿದಮೇಲೆ ಅವನು ನೇರ ಕಂಬಿಯ ಹತ್ತಿರ ಓಡುತ್ತಿದ್ದ. ಇಂಜಿನ್ ಶುರುವಾದರೆ ಕಬ್ಬಿಣದ ಕಂಬಿಯೆಲ್ಲ ನಡುಗುತ್ತದೆ. ಅದಕ್ಕೆ ಗಲ್ಲ ಒತ್ತಿ ಬಾಯಿ ತೆರೆದು "ಆಆಆ" ಎಂದರೆ ದನಿಯೂ ನಡುಗುತ್ತದೆ. ಆಚೆ ದಡ ಕಳಸವಳ್ಳಿ ಬರುವವರೆಗೂ ಅವನಿಗೆ ಅದೇ ಕೆಲಸ.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. 2.44 ಕಿ.ಮೀ. ಉದ್ದದ ಸೇತುವೆ, ನಡುವಿನ ಭಾಗ ಕೇಬಲ್ಲುಗಳ ಮೇಲೆ ನಿಂತಿದೆ. ಶರಾವತಿ ಹಿನ್ನೀರಿನ ನಮ್ಮ ಜನ ದಶಕಗಳಿಂದ ಕೇಳುತ್ತ ಬಂದದ್ದು. ಆ ದಿನ ಊರಿಂದ ಫೋನಿನ ಮೇಲೆ ಫೋನು, ಎಲ್ಲರಿಗೂ ಸಂಭ್ರಮ. ನನ್ನ ಆರು ವರ್ಷದ ಮಗ ಮಾತ್ರ ರೂಮಿನ ಬಾಗಿಲು ಹಾಕಿಕೊಂಡು ಅತ್ತ.

"ಇನ್ನು ಕಾಯೋದೇ ಬೇಡ ಪುಟ್ಟ, ಒಳ್ಳೇದಲ್ವಾ?" ಎಂದರು ಎಲ್ಲರೂ. ಅವನಿಗೆ ಕಾಯುವುದೇ ಇಷ್ಟವಾಗಿತ್ತು. ಲಾಂಚು ಆಚೆ ದಡದಿಂದ ಚುಕ್ಕಿಯಾಗಿ ಹೊರಟು ದೊಡ್ಡದಾಗುತ್ತ ಬರುವುದನ್ನು ನೋಡುವುದು ಕಡಿಮೆ ಸುಖವೇ? ಹಾಗಾಗಿ ನಾನು ಸೇತುವೆಯ ಪರ ವಾದ ಮಾಡಲಿಲ್ಲ. "ಲಾಂಚ್ ಹೋಯ್ತಲ್ಲ ಅಂತ ನಂಗೂ ಬೇಜಾರು. ಸೇತುವೆ ಬಂತು ಅಂತ ಖುಷಿನೂ ಹೌದು," ಎಂದೆ. ಎರಡೂ ಒಟ್ಟಿಗೆ ಹೇಗೆ ಆಗುತ್ತದೆ ಎಂದು ಕೇಳಿದ. ಆಗುತ್ತದೆ ಎಂದೆ.

ದಸರಾ ರಜೆಗೆ ಹೋದಾಗ ಕಾರನ್ನು ಮೊದಲು ಹಳೇ ಕಡವಿಗೆ ಇಳಿಸಿದೆವು. ನೀರಿನ ಅಂಚಿನಲ್ಲಿ ಅವನಿಗೆ ಸಾಕೆನಿಸುವವರೆಗೆ ನಿಂತೆವು. ಆಮೇಲೆ ಸೇತುವೆ ಹತ್ತಿದೆವು. ಕೆಲವೇ ನಿಮಿಷ, ಆಚೆ ದಡ ಬಂದೇಬಿಟ್ಟಿತು. "ಇಷ್ಟೇನಾ?" ಎಂದು ಮುಖ ಸಣ್ಣ ಮಾಡಿಕೊಂಡ.

ಸಂಜೆ ಜಗಲಿಯಲ್ಲಿ ಅಜ್ಜನಿಗೆ ಅವನ ತಕರಾರು: "ನಿಂಗೆ ಲಾಂಚ್ ಬೇಡ್ವಾ ಅಜ್ಜ?"

ಅಪ್ಪ ನಾನು ಹುಟ್ಟಿದ ರಾತ್ರಿಯ ಕತೆ ಹೇಳಿದರು. ಅಮ್ಮನಿಗೆ ಹೊತ್ತು ಮುಳುಗಿದಮೇಲೆ ನೋವು ಶುರುವಾಯಿತಂತೆ. ಕಡೇ ಲಾಂಚ್ ಹೋಗಿಯಾಗಿತ್ತು. ಆಸ್ಪತ್ರೆ ಆಚೆ, ಅಮ್ಮ ಈಚೆ. ಬೆಳಗಾಗುವುದರೊಳಗೆ ಕಡವಿನ ಹತ್ತಿರದ ಒಂದು ಮನೆಯಲ್ಲಿ ನಾನು ಹುಟ್ಟಿದೆ. "ಆ ರಾತ್ರಿ ಸೇತುವೆ ಇದ್ದಿದ್ರೆ ಅಂತ ಎಷ್ಟು ಸಲ ಅಂದ್ಕೊಂಡಿದೀನೋ," ಎಂದರು.

ಮಗ ನನ್ನ ಮುಖ ನೋಡಿದ. ಆದರೆ ಅವನನ್ನು ಹಿಡಿದು ನಿಲ್ಲಿಸಿದ್ದು ಅಪ್ಪನ ಮುಂದಿನ ಮಾತು: "ನಾನು ನಿನ್ನಷ್ಟಿದ್ದಾಗ ಇಲ್ಲಿ ಇಷ್ಟು ನೀರೇ ಇರ್ಲಿಲ್ಲ ಮಗಾ."

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗುವ ಮೊದಲು ಶರಾವತಿ ತನ್ನ ಪಾತ್ರದಲ್ಲೇ ಹರಿಯುತ್ತಿದ್ದಳು. ಗದ್ದೆ, ತೋಟ, ಅಪ್ಪ ಹುಟ್ಟಿದ ಮನೆ, ಎಲ್ಲ ನೀರಿನಡಿ ಹೋದವು. ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟನ್ನೇ ಹೊಸ ನೀರು ನುಂಗಿತು. ಊರಿಂದ ಊರಿಗೆ ನಡೆಯುತ್ತಿದ್ದ ದಾರಿ ಮುಳುಗಿತು, ಲಾಂಚು ಬಂತು. ನನ್ನ ಮಗನಿಗೆ ಹಳೆಯದಾದ ಲಾಂಚು ಅಪ್ಪನಿಗೆ ಒಂದು ಕಾಲದ ಹೊಸದು.

"ನಿಂಗೆ ಬೇಜಾರಾಗಿತ್ತಾ?"

"ಆಗಿತ್ತು. ಈಗ್ಲೂ ಆಗತ್ತೆ."

ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಕೂತರು. ಎಪ್ಪತ್ತು ದಾಟಿದ ಅಪ್ಪ ಹಾಗೆ ಒಪ್ಪಿಕೊಂಡದ್ದು ಅವನಿಗೆ ಕೊಟ್ಟ ಧೈರ್ಯವನ್ನು ನನ್ನ ಯಾವ ಸಮಾಧಾನವೂ ಕೊಟ್ಟಿರಲಿಲ್ಲ.

ವಾಪಸು ಬರುವಾಗ ಕೇಬಲ್ ಎಣಿಸಬೇಕು, ಮೆಲ್ಲಗೆ ಹೋಗು ಎಂದು ಮಗ ತನ್ನ ಅಪ್ಪನಿಗೆ ದುಂಬಾಲು ಬಿದ್ದ. ನಡುವೆ ಲೆಕ್ಕ ತಪ್ಪಿತು. ಎಣಿಸುವುದು ಬಿಟ್ಟು, ಮೇಲಿಂದ ಕಾಣುವ ನಡುಗಡ್ಡೆಗಳಿಗೆ ಹೆಸರಿಡತೊಡಗಿದ. ಲಾಂಚೇ ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತಾನೆ. ಹೌದು ಎನ್ನುತ್ತೇನೆ.

ಬೇಸಿಗೆಯಲ್ಲಿ ನೀರು ಇಳಿದರೆ ಮಡೆನೂರು ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ. ಕರೆದುಕೊಂಡು ಹೋಗುತ್ತೇನೆಂದು ಅಜ್ಜ ಮಾತು ಕೊಟ್ಟಿದ್ದಾರೆ. ನೀರು ಎಷ್ಟು ಇಳಿಯಿತು ಎಂದು ಮೊಮ್ಮಗ ಈಗಿನಿಂದಲೇ ಫೋನ್ ಮಾಡಿ ಕೇಳುತ್ತಿದ್ದಾನೆ.