ಚೇಂಗ್ ವತ್ತನದ ಟೋಕನ್: ಟೂರಿಸ್ಟ್ ವೀಸಾದಿಂದ ವರ್ಷದ ವಾಸಕ್ಕೆ

ಎಂಟೂವರೆಗೆ ತೆರೆಯುವ ಕಚೇರಿಯ ಮುಂದೆ ಏಳೂವರೆಗೇ ಸಾಲು ಬೆಳೆದಿರುತ್ತದೆ. ಬ್ಯಾಂಕಾಕಿನ ಉತ್ತರಕ್ಕೆ, ಚೇಂಗ್ ವತ್ತನ ರಸ್ತೆಯ ಸರ್ಕಾರಿ ಕಚೇರಿಗಳ ಸಮುಚ್ಚಯ, ಬಿ ಕಟ್ಟಡದ ಇಮಿಗ್ರೇಶನ್ (ವಲಸೆ) ಕಚೇರಿ. ನಿಂತವರೆಲ್ಲರ ಕಂಕುಳಲ್ಲಿ ಒಂದೊಂದು ಪ್ಲಾಸ್ಟಿಕ್ ಫೈಲು. ಎಲ್ಲರ ಫೈಲಿನಲ್ಲೂ ಇರುವುದು ಹೆಚ್ಚುಕಡಿಮೆ ಅದೇ ಕಾಗದಗಳು. ಆದರೂ ಕೆಲವರು ಹನ್ನೊಂದು ಗಂಟೆಗೆ ಕೆಲಸ ಮುಗಿಸಿ ಕಾಫಿ ಕುಡಿಯುತ್ತಿರುತ್ತಾರೆ, ಕೆಲವರು ಸಪ್ಪೆ ಮುಖ ಹೊತ್ತು ಟ್ಯಾಕ್ಸಿ ಹುಡುಕುತ್ತಿರುತ್ತಾರೆ. ವ್ಯತ್ಯಾಸ ಬರುವುದು ತಾರೀಖುಗಳಲ್ಲಿ.

ಇದು 50 ವರ್ಷ ತುಂಬಿದವರು ಟೂರಿಸ್ಟ್ ವೀಸಾದಲ್ಲಿ ಥಾಯ್ಲೆಂಡಿಗೆ ಬಂದು, ದೇಶ ಬಿಡದೆಯೇ ನಿವೃತ್ತರ ನಾನ್-ಇಮಿಗ್ರಂಟ್ 'ಓ' ವೀಸಾಕ್ಕೆ ದಾಟುವ ದಾರಿ. ಮೆಟ್ಟಿಲು ಎರಡು. ಮೊದಲು 90 ದಿನಗಳ 'ಓ', ಶುಲ್ಕ 2,000 ಬಾತ್. ಆ 90 ದಿನಗಳ ಕೊನೆಯ ಭಾಗದಲ್ಲಿ ಒಂದು ವರ್ಷದ ವಿಸ್ತರಣೆ, ಶುಲ್ಕ 1,900 ಬಾತ್. ಆಮೇಲೆ ವರ್ಷವರ್ಷವೂ ಅದೇ ವಿಸ್ತರಣೆ. ಹೊರಡುವ ಮೊದಲೇ ರಾಯಭಾರ ಕಚೇರಿಯಲ್ಲಿ ನಿವೃತ್ತರದೇ ಇನ್ನೊಂದು ಬಗೆಯಾದ 'ಓ-ಎ' ವೀಸಾ ಮಾಡಿಸಿಕೊಂಡು ಬರಬಹುದಲ್ಲ ಎಂದು ಕೇಳುವವರಿದ್ದಾರೆ. ಬರಬಹುದು. ಆದರೆ 2019ರ ಅಕ್ಟೋಬರ್ 31ರಿಂದ ಅದಕ್ಕೆ ಆರೋಗ್ಯ ವಿಮೆ ಕಡ್ಡಾಯ. ವಯಸ್ಸಾದಂತೆ ಪ್ರೀಮಿಯಂ ಏರುತ್ತದೆ, ಇರುವ ಕಾಯಿಲೆಗಳನ್ನು ವಿಮೆಯವರು ಪಟ್ಟಿಯಿಂದ ತೆಗೆದುಬಿಡುತ್ತಾರೆ. ಬರೀ 'ಓ' ವೀಸಾಕ್ಕೆ ವಿಮೆ ಕೇಳುವುದಿಲ್ಲ. ಒಳಗೆ ಬಂದು ಬದಲಾಯಿಸಿಕೊಳ್ಳುವವರು ಇಷ್ಟೊಂದು ಇರುವುದಕ್ಕೆ ಮುಖ್ಯ ಕಾರಣ ಇದು. ವಿಮೆಯೇ ಬೇಡ ಎಂದು ಇದರ ಅರ್ಥವಲ್ಲ, ಇಲ್ಲಿನ ಖಾಸಗಿ ಆಸ್ಪತ್ರೆಯ ಬಿಲ್ಲು ಒಮ್ಮೆ ನೋಡಿದವರು ಹಾಗೆ ಹೇಳಲಾರರು.

ಈಗ ಲೆಕ್ಕ. 60 ದಿನಗಳ ಟೂರಿಸ್ಟ್ ವೀಸಾದಲ್ಲಿ ಜನವರಿ 5ಕ್ಕೆ ಇಳಿದರು ಎಂದಿಟ್ಟುಕೊಳ್ಳಿ. ಇಳಿದ ದಿನವೂ ಎಣಿಕೆಗೆ ಸೇರುವುದರಿಂದ ಮುದ್ರೆಯಲ್ಲಿ ಮಾರ್ಚ್ 5 ಎಂದಿರುತ್ತದೆ. ಅರ್ಜಿ ಕೊಡುವ ದಿನ ಕನಿಷ್ಠ 15 ದಿನಗಳ ವಾಸ ಬಾಕಿ ಇರಬೇಕು, ಅಂದರೆ ಫೆಬ್ರವರಿ 18ರ ಒಳಗೆ. ಕೆಲವು ಕಚೇರಿಗಳು 21 ದಿನ ಕೇಳುವುದುಂಟು. ಅದಕ್ಕೇ ಫೆಬ್ರವರಿ 10ರ ಸುಮಾರಿಗೆ ಹೋಗುವುದು ಜಾಣತನ, ಒಂದು ಕಾಗದ ಕಡಿಮೆ ಬಿದ್ದು ವಾಪಸ್ ಕಳಿಸಿದರೂ ಇನ್ನೊಮ್ಮೆ ಬರಲು ದಿನ ಉಳಿದಿರುತ್ತದೆ. ಇಷ್ಟು ದಿನ ಯಾಕೆ ಕೇಳುತ್ತಾರೆಂದರೆ, ಅರ್ಜಿ ತೆಗೆದುಕೊಂಡ ದಿನವೇ ವೀಸಾ ಕೊಡುವುದಿಲ್ಲ. 'ಪರಿಶೀಲನೆಯಲ್ಲಿದೆ' ಎಂಬ ಮುದ್ರೆ ಹಾಕಿ ಸುಮಾರು 15 ದಿನ ಬಿಟ್ಟು ಬರಲು ಹೇಳುತ್ತಾರೆ. ಅಷ್ಟರೊಳಗೆ ಹಳೆಯ ಮುದ್ರೆ ಸಾಯಬಾರದು.

ದಿನ ಸಾಲದವರಿಗೆ ಒಂದು ದಾರಿ ಉಂಟು. 1,900 ಬಾತ್ ಕೊಟ್ಟು ಟೂರಿಸ್ಟ್ ವಾಸವನ್ನೇ 30 ದಿನ ವಿಸ್ತರಿಸಿಕೊಂಡು, ಆ ಹೊಸ ತಾರೀಖಿನಿಂದ ಹಿಂದಕ್ಕೆ ಎಣಿಸುವುದು. ಬ್ಯಾಂಕ್ ಕೆಲಸ ತಡವಾದವರಿಗೆ ಇದು ಆಪದ್ಬಾಂಧವ.

ತಡವಾಗುವುದೂ ಸಾಮಾನ್ಯವಾಗಿ ಬ್ಯಾಂಕಿನಲ್ಲೇ. ಸ್ವಂತ ಹೆಸರಿನ ಥಾಯ್ ಖಾತೆಯಲ್ಲಿ 8 ಲಕ್ಷ ಬಾತ್ ತೋರಿಸಬೇಕು. ತಿಂಗಳಿಗೆ 65,000 ಬಾತ್ ಆದಾಯ ತೋರಿಸುವ ಇನ್ನೊಂದು ದಾರಿಯೂ ಇದೆ, ಆದರೆ ಅದಕ್ಕೆ ಹೊರದೇಶದಿಂದ ತಿಂಗಳು ತಿಂಗಳೂ ಹಣ ಬಂದ ದಾಖಲೆ ಬೇಕು, ಮೊನ್ನೆ ಬಂದವರ ಹತ್ತಿರ ಅದು ಎಲ್ಲಿರುತ್ತದೆ? ಜಂಟಿ ಖಾತೆ ನಡೆಯುವುದಿಲ್ಲ. ಟೂರಿಸ್ಟ್ ವೀಸಾ ಇದ್ದವರಿಗೆ ಖಾತೆ ತೆರೆಯಲು ಬಹಳ ಶಾಖೆಗಳು ಒಪ್ಪುವುದಿಲ್ಲ. ಒಂದೇ ಬ್ಯಾಂಕಿನ ಈ ಶಾಖೆ ಇಲ್ಲ ಎಂದದ್ದನ್ನು ಎರಡು ರಸ್ತೆ ಆಚೆಯ ಶಾಖೆ ಅರ್ಧ ಗಂಟೆಯಲ್ಲಿ ಮಾಡಿಕೊಡುವುದೂ ಉಂಟು. ವಿದೇಶಿಯರು ಹೆಚ್ಚಾಗಿ ಬಂದುಹೋಗುವ ಶಾಖೆಗೆ, ಬಾಡಿಗೆ ಕರಾರು ಮತ್ತು ಇಮಿಗ್ರೇಶನ್ನಿನ ವಾಸ ದೃಢೀಕರಣ ಪತ್ರ ಹಿಡಿದು ಹೋದರೆ ಮಾತು ಸುಲಭವಾಗುತ್ತದೆ. ಇದಕ್ಕೆ ಮೊದಲ ಎರಡು ವಾರ ಎತ್ತಿಟ್ಟಿರಬೇಕು, ಸಮುದ್ರ ತೀರ ಆಮೇಲೆ.

ಖಾತೆ ತೆರೆಯುವಾಗ ಹೆಸರನ್ನು ಒಂದೊಂದು ಅಕ್ಷರ ಬಿಡದೆ ನೋಡಿ. ನಮ್ಮವರಿಗೆ ಇದು ವಿಶೇಷವಾಗಿ ಕಾಡುವ ತೊಂದರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ, ಊರ ಹೆಸರು, ಅಪ್ಪನ ಹೆಸರು, ಸ್ವಂತ ಹೆಸರು ಎಲ್ಲ ಒಂದೇ ಸಾಲಿನಲ್ಲಿ. ಬ್ಯಾಂಕಿನ ಹುಡುಗಿ ತನಗೆ ತೋಚಿದಲ್ಲಿ ಕತ್ತರಿಸಿ ಎರಡು ಭಾಗ ಮಾಡುತ್ತಾಳೆ. ಪಾಸ್‌ಬುಕ್ಕಿನಲ್ಲಿ ಒಂದು, ಬ್ಯಾಂಕಿನ ಪತ್ರದಲ್ಲಿ ಇನ್ನೊಂದು ಆದರೆ ಇಮಿಗ್ರೇಶನ್ ಕೌಂಟರಿನಲ್ಲಿ ಕೆಲಸ ನಿಲ್ಲುತ್ತದೆ. ತಿದ್ದಿಸುವುದಿದ್ದರೆ ಖಾತೆ ತೆರೆದ ದಿನವೇ ತಿದ್ದಿಸಿ.

ಹಣ ಹೊರದೇಶದಿಂದ ಬಂದಿದೆ ಎನ್ನುವುದೂ ಮೊದಲ ಸಲದ ಅರ್ಜಿಯಲ್ಲಿ ಮುಖ್ಯ. ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಬ್ಯಾಂಕ್ ಜಾಲದ ಮೂಲಕ ಕಳಿಸಿದರೆ ಪಾಸ್‌ಬುಕ್ಕಿನ ಆ ಸಾಲಿನಲ್ಲಿ ವಿದೇಶಿ ವರ್ಗಾವಣೆಯ ಸಂಕೇತ ಮೂಡುತ್ತದೆ, ಬ್ಯಾಂಕಾಕ್ ಬ್ಯಾಂಕಿನಲ್ಲಾದರೆ 'ಎಫ್‌ಟಿಟಿ' ಎಂದು. ಆನ್‌ಲೈನ್ ಹಣ ರವಾನೆ ಸೇವೆಗಳು ಕೆಲವೊಮ್ಮೆ ಇಲ್ಲಿನದೇ ಒಂದು ಬ್ಯಾಂಕಿನ ಮೂಲಕ ಹಣ ಜಮಾ ಮಾಡುತ್ತವೆ. ಆಗ ಅದು ದೇಶದೊಳಗಿನ ವರ್ಗಾವಣೆಯಂತೆ ಕಾಣುತ್ತದೆ. ಹಣ ನಿಮ್ಮದೇ, ಬಂದದ್ದೂ ಹೊರಗಿನಿಂದಲೇ, ಆದರೆ ಆ ಸಾಲು ಬೇರೆ ಕತೆ ಹೇಳುತ್ತದೆ. ಹಾಗಾದಾಗ ವಿದೇಶದಿಂದ ಬಂದ ಜಮೆ ಎಂದು ಬ್ಯಾಂಕಿನಿಂದ ಪತ್ರ ಬರೆಸಿಕೊಳ್ಳಬೇಕಾಗುತ್ತದೆ. ಭಾರತದಿಂದ ಕಳಿಸುವವರು ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯ ಮಿತಿಯಾದ ಆರ್ಥಿಕ ವರ್ಷಕ್ಕೆ 2,50,000 ಡಾಲರಿನ ಒಳಗೇ ಇರುತ್ತಾರೆ, ಮಿತಿಯ ಚಿಂತೆ ಬೇಡ. ಚಿಂತೆ ಇರುವುದು ಕಳಿಸುವಾಗಲೇ ಹಿಡಿಯುವ ಟಿಸಿಎಸ್ ತೆರಿಗೆಯದು. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದಾದರೂ, ಅಲ್ಲಿಯವರೆಗೆ ಅಷ್ಟು ದುಡ್ಡು ಕೈಯಲ್ಲಿ ಹೆಚ್ಚಾಗಿ ಇರಬೇಕು.

ಸರಿಯಾಗಿ 8 ಲಕ್ಷ ಇಡಬೇಡಿ, 8,10,000 ಇಡಿ. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ ತಾನಾಗಿ ಕತ್ತರಿಸಿಕೊಂಡು 7,99,700 ಆದರೆ ಅರ್ಜಿ ಬಿತ್ತು. ದಿನದ ಖರ್ಚಿಗೆ ಬೇರೆ ಖಾತೆ ಇದ್ದರೆ ಒಳ್ಳೆಯದು.

ಮನೆಯ ಕಾಗದ ಇನ್ನೊಂದು ಕಟ್ಟು. ವಿದೇಶಿಯರು ತಂಗಿದ 24 ಗಂಟೆಯೊಳಗೆ ಮನೆಯ ಮಾಲೀಕರು ಟಿಎಂ 30 ನಮೂನೆಯಲ್ಲಿ ವರದಿ ಮಾಡಬೇಕು, 1979ರ ವಲಸೆ ಕಾಯಿದೆಯ 38ನೇ ಸೆಕ್ಷನ್ ಪ್ರಕಾರ. ಹೋಟೆಲಿನವರು ತಾವಾಗಿಯೇ ಮಾಡುತ್ತಾರೆ, ಬಾಡಿಗೆ ಮನೆಯವರು ಮರೆಯುತ್ತಾರೆ. ಮುಂಗಡ ಕೊಡುವ ಮೊದಲೇ ಟಿಎಂ 30 ರಸೀದಿ, ಮಾಲೀಕರ ಗುರುತಿನ ಚೀಟಿಯ ಪ್ರತಿ, ಮನೆಯ ನೋಂದಣಿ ಪುಸ್ತಕವಾದ 'ತಬಿಯನ್ ಬಾನ್' ಪ್ರತಿ ಕೊಡುತ್ತೀರಾ ಎಂದು ಕೇಳಿಬಿಡಿ. ಅಡ್ವಾನ್ಸ್ ಕೈ ಸೇರಿದ ಮೇಲೆ ಕೇಳಿದರೆ ಉತ್ತರ ನಿಧಾನವಾಗುತ್ತದೆ.

ಹೋಗುವ ಹಿಂದಿನ ದಿನ, ಇಲ್ಲವೇ ಅದೇ ಬೆಳಿಗ್ಗೆ, ಬ್ಯಾಂಕಿನಿಂದ ಶಿಲ್ಕು ದೃಢೀಕರಿಸುವ ಪತ್ರ ಪಡೆಯಬೇಕು. ಹಳೆಯ ಪತ್ರ ತೆಗೆದುಕೊಳ್ಳುವುದಿಲ್ಲ. ಪಾಸ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಅಂದಿನ ತಾರೀಖೇ ಇರಬೇಕು. ಬರೀ ಯಂತ್ರಕ್ಕೆ ಹಾಕಿ ತೆಗೆದರೆ ಹೊಸ ಸಾಲು ಬೀಳುವುದಿಲ್ಲ, ಯಾಕೆಂದರೆ ವ್ಯವಹಾರ ನಡೆದೇ ಇಲ್ಲ. ಜಮಾ ಯಂತ್ರದಲ್ಲಿ 100 ಬಾತ್ ಹಾಕಿ, ಆಮೇಲೆ ಪಾಸ್‌ಬುಕ್ ಮುದ್ರಿಸಿ, ಆ ಪುಟದ ಜೆರಾಕ್ಸ್ ತೆಗೆಸಿ. ನೂರು ಬಾತಿನ ಈ ಜಮೆ ಗೊತ್ತಿಲ್ಲದೆ ಮಧ್ಯಾಹ್ನದ ಬಿಸಿಲಲ್ಲಿ ಬ್ಯಾಂಕಿಗೆ ಓಡುವವರು ದಿನಾ ಸಿಗುತ್ತಾರೆ.

ನಮೂನೆಯಲ್ಲೂ ಒಂದು ಕವಲಿದೆ. ಟೂರಿಸ್ಟ್ ವೀಸಾ ಪಡೆದೇ ಬಂದವರಿಗೆ ಟಿಎಂ 86, ವೀಸಾ ಇಲ್ಲದೆ ವಿನಾಯಿತಿಯಲ್ಲಿ ಒಳಬಂದವರಿಗೆ ಟಿಎಂ 87. ಮೊದಲನೆಯದು ಇರುವ ವೀಸಾ ಬದಲಿಸಿ ಎಂಬ ಅರ್ಜಿ, ಎರಡನೆಯದು ವೀಸಾ ಕೊಡಿ ಎಂಬ ಅರ್ಜಿ. 4×6 ಸೆಂಟಿಮೀಟರಿನ ಫೋಟೊ, ಪಾಸ್‌ಪೋರ್ಟಿನ ಮುಖ್ಯ ಪುಟ, ವೀಸಾ ಪುಟ, ಒಳಬಂದ ಮುದ್ರೆಯ ಪುಟ, ಬಾಡಿಗೆ ಕರಾರು, ಮನೆಗೆ ದಾರಿ ತೋರಿಸುವ ನಕ್ಷೆ. ಪ್ರತಿಯೊಂದು ಜೆರಾಕ್ಸ್ ಹಾಳೆಯ ಮೇಲೂ ನೀಲಿ ಶಾಯಿಯ ಸಹಿ. ಕಪ್ಪು ಶಾಯಿಯಾದರೆ ಮೂಲ ಯಾವುದು, ನಕಲು ಯಾವುದು ಗೊತ್ತಾಗುವುದಿಲ್ಲ ಎನ್ನುತ್ತಾರೆ.

ಒಳಗೆ ಹೋದರೆ ಮೊದಲ ಮೇಜಿನಲ್ಲಿ ಟೋಕನ್ ಸಿಗುವುದಿಲ್ಲ, ಕಾಗದ ನೋಡುತ್ತಾರೆ. ಎಲ್ಲ ಸರಿ ಇದ್ದರೆ ಮಾತ್ರ ಟೋಕನ್. ಈ ಮೇಜಿನವರು ಗಡಸು ಎಂದು ಬೈಯುವವರಿದ್ದಾರೆ, ಆದರೆ ಮೂರು ಗಂಟೆ ಕಾದ ಮೇಲೆ ಒಳಗಿನ ಅಧಿಕಾರಿ ಕಳಿಸುವುದಕ್ಕಿಂತ ಇದೇ ವಾಸಿ. 12ರಿಂದ 1ರವರೆಗೆ ಊಟದ ವಿರಾಮ. ಚಡ್ಡಿ, ತೋಳಿಲ್ಲದ ಬನಿಯನ್ನು ಹಾಕಿಕೊಂಡು ಹೋಗಬೇಡಿ, ಇಲ್ಲಿ ಸರ್ಕಾರಿ ಕಚೇರಿ ಎಂದರೆ ಅಂಗಿಗೂ ಲೆಕ್ಕವಿದೆ. ಅಧಿಕಾರಿ ಕೇಳುವುದು ಸ್ವಲ್ಪವೇ: ಎಲ್ಲಿದ್ದೀರಿ, ಯಾರ ಜೊತೆ, ಇಲ್ಲಿ ಕೆಲಸ ಮಾಡುತ್ತೀರಾ? ಕೊನೆಯ ಪ್ರಶ್ನೆಗೆ, ಆನ್‌ಲೈನಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತೇನೆ ಎಂದು ಖುಷಿಯಲ್ಲಿ ಹೇಳುವವರುಂಟು. ನಿವೃತ್ತಿಯ ಆಧಾರದ ಮೇಲಿರುವವರಿಗೆ ದುಡಿಮೆ ನಿಷಿದ್ಧ. ಸುಳ್ಳು ಹೇಳುವುದಲ್ಲ, ದುಡಿಯುವವರು ಈ ವೀಸಾಕ್ಕೆ ಬರಬಾರದು.

ಅವಧಿ ಮೀರಿದರೆ ಆಗುವ ದಂಡ ಓದಿದ್ದೇನೆ ಎಂಬ ಹಾಳೆಗೂ ಅಲ್ಲೇ ಸಹಿ ಹಾಕಿಸುತ್ತಾರೆ. ಸುಮ್ಮನೆ ಗೀಚದೆ ಓದಿ: ದಿನಕ್ಕೆ 500 ಬಾತ್, ಗರಿಷ್ಠ 20,000. 90 ದಿನ ದಾಟಿ ತಾವಾಗಿ ಹೊರಟರೆ ಒಂದು ವರ್ಷ ದೇಶಕ್ಕೆ ಪ್ರವೇಶವಿಲ್ಲ. ಒಳಗೇ ಸಿಕ್ಕಿಬಿದ್ದರೆ, ಅವಧಿ ಮೀರಿದ್ದು ಒಂದು ವರ್ಷದೊಳಗಿದ್ದರೂ ಐದು ವರ್ಷ.

ಹದಿನೈದು ದಿನ ಬಿಟ್ಟು ಹೋದಾಗ, ಫೆಬ್ರವರಿ 25 ಎಂದಿಟ್ಟುಕೊಳ್ಳೋಣ, 90 ದಿನಗಳ 'ಓ' ಸಿಗುತ್ತದೆ. ಅಂದಿನಿಂದಲೇ ಎಣಿಸಿದರೆ ಮೇ 25ಕ್ಕೆ ಮುಗಿಯುತ್ತದೆ, ಆದರೆ ನಂಬಬೇಕಾದ್ದು ಮುದ್ರೆಯಲ್ಲಿರುವ ತಾರೀಖನ್ನು. ಸುಸ್ತಾದವರು ಇಲ್ಲಿ ಕೆಲಸ ಮುಗಿಯಿತೆಂದು ಉಸಿರು ಬಿಡುತ್ತಾರೆ, ಹಣದಲ್ಲಿ ಒಂದು ಲಕ್ಷ ತೆಗೆದು ಮನೆಗೆ ಫ್ರಿಜ್ಜು, ಮಂಚ ಕೊಳ್ಳುತ್ತಾರೆ. ದೊಡ್ಡ ಎಡವಟ್ಟು ಅದೇ. ಒಂದು ವರ್ಷದ ವಿಸ್ತರಣೆಗೆ ಟಿಎಂ 7 ಅರ್ಜಿ ಹಾಕುವ ಮುಂಚಿನ ಎರಡು ತಿಂಗಳು 8 ಲಕ್ಷ ಅಲುಗದೆ ಕೂತಿರಬೇಕು. ಅರ್ಜಿ ಕೊಡುವುದು ಕೊನೆಯ 30 ದಿನಗಳಲ್ಲಿ, ಅಂದರೆ ಏಪ್ರಿಲ್ 26ರಿಂದ. ಹಣ ಜನವರಿ ಕೊನೆಗೆ ಬಂದು ಹಾಗೇ ಇದ್ದರೆ ಮಾರ್ಚ್ ಕೊನೆಗೇ ಎರಡು ತಿಂಗಳು ತುಂಬಿತು, ಯೋಚನೆಯಿಲ್ಲ. ಏಪ್ರಿಲ್ ಮೊದಲ ವಾರ ಕೈ ಹಾಕಿ ಮತ್ತೆ ತುಂಬಿಸಿದರೆ ಎಣಿಕೆ ಹೊಸದಾಗಿ ಶುರು, ಜೂನ್ ಬರುವಷ್ಟರಲ್ಲಿ ವೀಸಾ ಇರುವುದಿಲ್ಲ.

ವಿಸ್ತರಣೆ ಸಿಕ್ಕ ಮೇಲೂ ಮೂರು ತಿಂಗಳು 8 ಲಕ್ಷ ಇರಬೇಕು, ಆಮೇಲೆ ವರ್ಷವಿಡೀ 4 ಲಕ್ಷಕ್ಕಿಂತ ಕೆಳಗಿಳಿಯಬಾರದು, ಮುಂದಿನ ಅರ್ಜಿಗೆ ಎರಡು ತಿಂಗಳು ಮೊದಲು ಮತ್ತೆ 8 ಲಕ್ಷ. 2019ರಿಂದ ನಿಯಮ ಹೀಗಿದೆ. ಏಳು ತಿಂಗಳ ಮಟ್ಟಿಗೆ ನಾಲ್ಕು ಲಕ್ಷ ಬಿಡಿಸಿಕೊಂಡು, ಮತ್ತೆ ವಿನಿಮಯ ದರದಲ್ಲಿ ಕಳೆದುಕೊಂಡು ತರಿಸುವ ತಾಪತ್ರಯಕ್ಕಿಂತ ಆ ದುಡ್ಡನ್ನು ಮರೆತುಬಿಡುವುದೇ ಮೇಲು. ಹಣ ಇಡದೆಯೇ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರೂ ಇದ್ದಾರೆ. ಆ ದಾರಿಯಲ್ಲಿ ಪಡೆದ ಮುದ್ರೆ ಮುಂದೊಂದು ದಿನ ತನಿಖೆಗೆ ಬಿದ್ದರೆ ಉತ್ತರ ಕೊಡಬೇಕಾದವರು ಪಾಸ್‌ಪೋರ್ಟಿನ ಯಜಮಾನರೇ.

ಗಂಡ ಅಥವಾ ಹೆಂಡತಿಯನ್ನು ಅವಲಂಬಿತರಾಗಿ ಸೇರಿಸುವುದಿದ್ದರೆ ವಿವಾಹ ಪ್ರಮಾಣಪತ್ರ ಬೇಕು. ಕಾಗದ ಅಸಲಿ ಎಂದು ಹೊರದೇಶಗಳಿಗೆ ದೃಢೀಕರಿಸುವ ನಮ್ಮ ವಿದೇಶಾಂಗ ಇಲಾಖೆಯ ಅಪೋಸ್ತೀಲ್ ಮುದ್ರೆಯೊಂದನ್ನೇ ನಂಬಿ ಬರಬೇಡಿ. ರಾಯಭಾರ ಕಚೇರಿಯ ದೃಢೀಕರಣ, ಥಾಯ್ ಅನುವಾದ, ಇಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆ ಎಲ್ಲ ಕೇಳುತ್ತಾರೆ. ಥಾಯ್ ಕಾಗದಗಳಲ್ಲಿ ಇಸವಿ ಬೌದ್ಧ ಶಕೆಯದು: 2569 ಎಂದರೆ 2026. ಕರಾರಿನ ಅವಧಿ ಓದುವಾಗ 543 ಕಳೆಯಿರಿ.

ಇಷ್ಟೆಲ್ಲ ಆಗಿಯೂ ಕೈಗೆ ಬಂದದ್ದು ಒಂದು ವರ್ಷದ ವಾಸ, ಶಾಶ್ವತ ವಾಸವಲ್ಲ. ಶಾಶ್ವತ ವಾಸಕ್ಕೆ ಒಂದೊಂದು ದೇಶದವರಿಗೆ ವರ್ಷಕ್ಕೆ 100 ಮಾತ್ರ, ಉದ್ಯೋಗ, ಹೂಡಿಕೆ, ಕುಟುಂಬ ಇಂಥ ಆಧಾರ ಬೇಕು, ನಿವೃತ್ತಿ ಆ ಪಟ್ಟಿಯಲ್ಲೇ ಇಲ್ಲ. ಹಣ ಹೆಚ್ಚಿದ್ದವರು 2022ರ ಸೆಪ್ಟೆಂಬರಿನಲ್ಲಿ ಶುರುವಾದ ಹತ್ತು ವರ್ಷದ ಎಲ್‌ಟಿಆರ್ (ದೀರ್ಘಾವಧಿ ವಾಸದ) ವೀಸಾ ನೋಡಬಹುದು. ಅದರಲ್ಲಿ ವಿಳಾಸ ವರದಿ ವರ್ಷಕ್ಕೊಮ್ಮೆ. ಉಳಿದವರು ಆ ವರದಿಯನ್ನು 90 ದಿನಕ್ಕೊಮ್ಮೆ ಟಿಎಂ 47 ನಮೂನೆಯಲ್ಲಿ ಕೊಡಬೇಕು: ತಾರೀಖಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಕೊಡಬಹುದು, ತಪ್ಪಿದರೆ 2,000 ಬಾತ್ ದಂಡ. ಮೊದಲ ವರದಿಗೆ ಖುದ್ದು ಹೋಗಬೇಕು, ಆಮೇಲಿನದು ಆನ್‌ಲೈನಿನಲ್ಲಿ ಆಗುತ್ತದೆ. ದೇಶ ಬಿಟ್ಟು ಬಂದರೆ ಎಣಿಕೆ ಮತ್ತೆ ಒಂದರಿಂದ.

ದೇಶ ಬಿಡುವ ಮುಂಚೆ ಟಿಎಂ 8 ತುಂಬಿ ಮರುಪ್ರವೇಶದ ಪರವಾನಗಿ ಪಡೆದಿರಬೇಕು: ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಹೋಗಿಬರಲು 3,800. ಅದಿಲ್ಲದೆ ಹೊರಟರೆ ವರ್ಷದ ಮುದ್ರೆ ಅಲ್ಲೇ ರದ್ದು. ಊರಿನಲ್ಲಿ ಯಾರಿಗೋ ಹುಷಾರಿಲ್ಲ ಎಂದು ರಾತ್ರೋರಾತ್ರಿ ಹೊರಡುವವರಿಗಾಗಿ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೂ ಒಂದು ಕೌಂಟರಿದೆ. ಪಾಸ್‌ಪೋರ್ಟಿಗೆ ನಿರ್ಗಮನದ ಮುದ್ರೆ ಬೀಳುವ ಮುನ್ನ ಅಲ್ಲಿ ನಿಲ್ಲಬೇಕು.