ಚುಕ್ಕಿಗಳು ಯಾವಾಗ ಒಂದೇ ತುಂಡು? ನನ್ನ ಪ್ರೋಗ್ರಾಂ ಈಗ ಎಲ್ಲಿದೆ

ಬಿಡಿ ಚುಕ್ಕಿಗಳು ಯಾವಾಗ ಒಂದೇ ತುಂಡಾಗುತ್ತವೆ ಅಂತ ನೋಡಲು ಒಂದು ಪ್ರೋಗ್ರಾಂ ಬರೆಯುತ್ತಿದ್ದೇನೆ. ಅದರ ಸ್ಲೈಡರ್ ಈಗ ಕೆಲಸ ಮಾಡುತ್ತಿದೆ. ಪರದೆ ಮೇಲೆ ಚುಕ್ಕಿಗಳಿರುತ್ತವೆ, ಸ್ಲೈಡರ್‌ನಲ್ಲಿ ಎಪ್ಸಿಲಾನ್ ಅನ್ನುವ ಒಂದು ದೂರ ಆರಿಸಬೇಕು. ಅದಕ್ಕಿಂತ ಹತ್ತಿರ ಇರುವ ಚುಕ್ಕಿಗಳಿಗೆ ಪ್ರೋಗ್ರಾಂ ಕೊಂಡಿ ಹಾಕಿ, ಗುಂಪಿಗೊಂದು ಬಣ್ಣ ಕೊಡುತ್ತದೆ. ಒಳಗಿರುವುದು ಯೂನಿಯನ್-ಫೈಂಡ್, ಅಂದರೆ ಯಾವುದು ಯಾವ ಗುಂಪಿನದು ಅಂತ ನೆನಪಿಟ್ಟು ಗುಂಪುಗಳನ್ನು ಕೂಡಿಸುತ್ತಾ ಹೋಗುವ ವಿಧಾನ. ವೇಗ ಚೆನ್ನಾಗಿದೆ, ಅಷ್ಟು ಸಾಕು.

ನನಗೆ ತಿಳಿಯಬೇಕಾದದ್ದು ಇಷ್ಟೇ: ಗಣಿತ ‘ಇದು ಒಂದೇ ತುಂಡು’ ಅನ್ನುವ ಕಡೆ ಕಣ್ಣೂ ಹಾಗೇ ಅನ್ನುತ್ತದಾ?

ಆಕಾರಗಳ ಜೋಡಣೆಯನ್ನು ನೋಡುವ ಗಣಿತವಾದ ಟೋಪಾಲಜಿಯಲ್ಲಿ ಕನೆಕ್ಟೆಡ್ (ಒಂದೇ ತುಂಡು) ಅಂದರೆ, ಒಂದು ಬಿಂದುವನ್ನೂ ಹಂಚಿಕೊಳ್ಳದ, ಖಾಲಿಯೂ ಅಲ್ಲದ ಎರಡು ಓಪನ್ ಸೆಟ್‌ಗಳಾಗಿ (ತಮ್ಮ ಪ್ರತಿ ಬಿಂದುವಿನ ಸುತ್ತಲಿನ ಸ್ವಲ್ಪ ಜಾಗವನ್ನೂ ಒಳಗೊಂಡ ಗುಂಪುಗಳಾಗಿ) ಒಡೆಯಲು ಆಗದ್ದು. ಈ ಲೆಕ್ಕದಲ್ಲಿ ಭಾಗಲಬ್ಧ ಸಂಖ್ಯೆಗಳ ಸಾಲು ಒಡೆದುಹೋಗುತ್ತದೆ. √2 ಅದರಲ್ಲಿಲ್ಲ. ಅದಕ್ಕಿಂತ ಚಿಕ್ಕವು ಈ ಕಡೆ, ದೊಡ್ಡವು ಆ ಕಡೆ, ಮುಗೀತು. ಆದರೆ ಅಲ್ಲೊಂದು ಬಿರುಕಿದೆ ಅಂತ ಯಾವ ಕಣ್ಣಿಗೂ ಕಾಣುವುದಿಲ್ಲ, ಅಲ್ವಾ?

ಯೂನಿಫಾರ್ಮ್ ಕನೆಕ್ಟೆಡ್‌ನೆಸ್ ಅನ್ನುವ ಗಣಿತದ ಇನ್ನೊಂದು ವ್ಯಾಖ್ಯೆ ಇಲ್ಲಿ ಕಣ್ಣಿನ ಪಕ್ಷ. ಎಷ್ಟೇ ಸಣ್ಣ ಎಪ್ಸಿಲಾನ್ ಕೊಡಿ, ಅದಕ್ಕಿಂತ ಸಣ್ಣ ಹೆಜ್ಜೆ ಇಡುತ್ತಾ ಯಾವ ಬಿಂದುವಿನಿಂದ ಯಾವ ಬಿಂದುವಿಗಾದರೂ ಹೋಗಿ ಮುಟ್ಟಲು ಆಗಬೇಕು, ಹೆಜ್ಜೆಗಳು ಎಣಿಸಿ ಮುಗಿಯುವಷ್ಟಿರಬೇಕು. ಗಣಿತಜ್ಞ ಕ್ಯಾಂಟರ್ 1883ರಲ್ಲೇ ಈ ಸರಪಳಿಯ ಯೋಚನೆ ಬಳಸಿದ್ದರು. ಗಣಿತಜ್ಞರಾದ ಮ್ರೋವ್ಕಾ ಮತ್ತು ಪರ್ವಿನ್ 1964ರಲ್ಲಿ ಅದನ್ನು ಯೂನಿಫಾರ್ಮ್ ಸ್ಪೇಸ್‌ಗಳಲ್ಲಿ, ಅಂದರೆ ‘ಎಷ್ಟು ಹತ್ತಿರ’ ಅನ್ನುವುದನ್ನು ಎಲ್ಲ ಕಡೆ ಒಂದೇ ಅಳತೆಯಲ್ಲಿ ಹೇಳಬಹುದಾದ ಜಾಗಗಳಲ್ಲಿ, ಇಟ್ಟು ನೋಡಿದರು. ಭಾಗಲಬ್ಧ ಸಂಖ್ಯೆಗಳು ಈ ಪರೀಕ್ಷೆಯಲ್ಲಿ ಪಾಸು.

ಪರದೆಯ ಚುಕ್ಕಿಗಳು ಮಾತ್ರ ಎಂದೂ ಪಾಸಾಗುವುದಿಲ್ಲ. ಎಣಿಕೆಗೆ ಸಿಗುವಷ್ಟೇ ಚುಕ್ಕಿಗಳಲ್ವಾ, ಎಪ್ಸಿಲಾನ್ ಸಾಕಷ್ಟು ಇಳಿಸಿದರೆ ಎಲ್ಲವೂ ಬಿಡಿಬಿಡಿ. ಅದಕ್ಕೇ ನಾನು ಹೌದು-ಇಲ್ಲ ಅನ್ನುವ ಉತ್ತರ ಬಿಟ್ಟು, ಸ್ಲೈಡರ್ ಮೇಲೆ ಏರಿದಂತೆ ಯಾರು ಯಾರನ್ನು ಮೊದಲು ಸೇರುತ್ತಾರೆ ಅನ್ನುವ ಕ್ರಮವನ್ನೇ ದಾಖಲಿಸುತ್ತಿದ್ದೇನೆ.

ಈ ಕ್ರಮದಲ್ಲೇ ನನಗೆ ತುಂಬಾ ಖುಷಿ ಕೊಟ್ಟ ವಿಷಯ ಸಿಕ್ಕಿತು. ಹತ್ತಿರ ಇರುವ ಚುಕ್ಕಿಗಳು ಜೊತೆಯಾಗಿ ಕಾಣುತ್ತವೆ ಅಂತ ಮನಶ್ಶಾಸ್ತ್ರಜ್ಞ ವರ್ಟೈಮರ್ 1923ರಲ್ಲಿ ಬರೆದಿದ್ದರು. ಮನಶ್ಶಾಸ್ತ್ರಜ್ಞರಾದ ಪಾಮರ್ ಮತ್ತು ರಾಕ್ 1994ರಲ್ಲಿ ಇನ್ನೊಂದು ಮಾತು ಸೇರಿಸಿದರು: ಬಣ್ಣ, ಮೇಲ್ಮೈಯ ವಿನ್ಯಾಸ ಒಂದೇ ಆಗಿ ಬಿಡದೆ ಹರಡಿರುವ ಜಾಗವನ್ನು ಕಣ್ಣು ಮೊದಲು ಒಂದು ಘಟಕವಾಗಿ ಹಿಡಿಯುತ್ತದೆ, ಹತ್ತಿರ-ದೂರದ ಲೆಕ್ಕ ಆಮೇಲೆ. ಹಾಗಾಗಿ ದೂರದ ಎರಡು ಚುಕ್ಕಿಗಳ ನಡುವೆ ಅದೇ ಬಣ್ಣದ ತೆಳುಗೆರೆ ಎಳೆದೆ. ಪಕ್ಕದ ಚುಕ್ಕಿಯ ಜೊತೆಗಿನ ಜೋಡಿ ಕಣ್ಣಿನಲ್ಲಿ ತಕ್ಷಣ ಮುರಿಯಿತು, ಗೆರೆಯ ಜೋಡಿ ಗೆದ್ದಿತು. ಪ್ರೋಗ್ರಾಂನಲ್ಲೂ ಅದೇ ಜೋಡಿ ಮೊದಲು ಸೇರಿತು! ಅದಕ್ಕಾಗಿ ಒಂದು ಸಾಲು ಕೋಡ್ ಕೂಡ ಸೇರಿಸಿರಲಿಲ್ಲ. ಗೆರೆಯ ಉದ್ದಕ್ಕೂ ಹೆಜ್ಜೆ ಒಂದು ಪಿಕ್ಸೆಲ್, ಪಕ್ಕದ ಚುಕ್ಕಿಗೆ ಹಾರಬೇಕಾದ ಹೆಜ್ಜೆ ಅದಕ್ಕಿಂತ ದೊಡ್ಡದು. ಅಷ್ಟರಿಂದಲೇ ಪಾಮರ್-ರಾಕ್ ಹೇಳಿದ ಕ್ರಮ ಬಂದುಬಿಟ್ಟಿತು.

ಆಮೇಲೆ ಬಣ್ಣದ ವ್ಯತ್ಯಾಸವನ್ನೂ ದೂರದ ಲೆಕ್ಕಕ್ಕೆ ಸೇರಿಸಿದೆ. ಅಂಟಿಕೊಂಡ ಕೆಂಪು, ನೀಲಿ ಚೌಕಗಳು ಈಗ ಎರಡು ತುಂಡು. ಕೆಂಪಿನಿಂದ ನೀಲಿಗೆ ನಿಧಾನವಾಗಿ ತಿರುಗುವ ಪಟ್ಟಿ ಮಾತ್ರ ಒಂದೇ ತುಂಡು, ಎರಡು ತುದಿಗಳ ಬಣ್ಣ ಎಷ್ಟೇ ಬೇರೆಯಾಗಿದ್ದರೂ. ನನ್ನ ಕಣ್ಣಿಗೂ ಅದು ಒಂದೇ.

ಕಣ್ಣು ಮತ್ತು ಸರಪಳಿ ಬೇರೆಯಾಗುವುದು ಸುರುಳಿಯಲ್ಲಿ. ಕಂಪ್ಯೂಟರ್ ವಿಜ್ಞಾನಿಗಳಾದ ಮಿನ್ಸ್ಕಿ ಮತ್ತು ಪಾಪರ್ಟ್ ಅವರ 1969ರ ‘ಪರ್ಸೆಪ್ಟ್ರಾನ್ಸ್’ ಪುಸ್ತಕದ ಮುಖಪುಟದಲ್ಲಿ ಎರಡು ಸುರುಳಿಗಳಿವೆ. ಒಂದು ಪೂರ್ತಿ ಜೋಡಿಕೊಂಡಿದೆ, ಇನ್ನೊಂದು ಇಲ್ಲ. ಸುಮ್ನೆ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗದು, ಬೆರಳಿಟ್ಟು ಗೆರೆಯ ಹಿಂದೆ ಹೋಗಬೇಕು. ಹಾಗಾದರೆ ಕಣ್ಣು ಒಂದೇ ನೋಟದಲ್ಲಿ ಎಷ್ಟು ಉದ್ದದ ಸರಪಳಿ ಹಿಡಿಯುತ್ತದೆ? ಈಗ ಗೆರೆಯ ಸುತ್ತುಗಳನ್ನು ಒಂದೊಂದಾಗಿ ಹೆಚ್ಚಿಸುವ ಎರಡನೇ ಸ್ಲೈಡರ್ ಬರೆಯುತ್ತಿದ್ದೇನೆ.