ಡಿಸ್ಕಿನ ಜಿಯೋಮೆಟ್ರಿ ತಾಳೆಯಾಗದಿದ್ದಾಗ

ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಡಬೇಕಾಗಿತ್ತು. ಅದರಲ್ಲಿದ್ದ ವಿಂಡೋಸ್ ಎಕ್ಸ್‌ಪಿಗೂ ಮಂಡಿಯ ಲೆಕ್ಕಪತ್ರಗಳಿಗೂ ಧಕ್ಕೆಯಾಗಬಾರದೆಂಬುದು ಅವರ ಷರತ್ತು. ಡಿಸ್ಕನ್ನು ಭಾಗಗಳಾಗಿ ವಿಂಗಡಿಸುವ, ಅಂದರೆ ಪಾರ್ಟಿಶನ್ ಮಾಡುವ, ಹಂತಕ್ಕೆ ಬಂದೊಡನೆ, ಆ ಭಾಗಗಳ ಪಟ್ಟಿಯಾದ ಪಾರ್ಟಿಶನ್ ಟೇಬಲ್ಲಿನಲ್ಲಿ ಬರೆದಿರುವ ಜಿಯೋಮೆಟ್ರಿಗೂ ಈಗ ಕಾಣುತ್ತಿರುವ ಜಿಯೋಮೆಟ್ರಿಗೂ ಹೊಂದಿಕೆಯಿಲ್ಲವೆಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿತು. ಜಿಯೋಮೆಟ್ರಿಯೆಂದರೆ ಡಿಸ್ಕಿನಲ್ಲಿ ಓದಿ ಬರೆಯುವ ಹೆಡ್‌ಗಳೆಷ್ಟು, ತಟ್ಟೆಯ ಮೇಲಿನ ಪ್ರತಿ ಉಂಗುರದಲ್ಲಿ (ಟ್ರ್ಯಾಕ್) ಸೆಕ್ಟರ್ ಎಂಬ ತುಣುಕುಗಳೆಷ್ಟು, ಎಲ್ಲ ತಟ್ಟೆಗಳಲ್ಲೂ ಒಂದೇ ನೇರಕ್ಕಿರುವ ಟ್ರ್ಯಾಕುಗಳ ಗುಂಪುಗಳು (ಸಿಲಿಂಡರ್) ಎಷ್ಟು ಎಂಬ ಲೆಕ್ಕ.

ಇಂಥ ಎಚ್ಚರಿಕೆ ಕಂಡವರು ಡಿಸ್ಕಿನ ನಿಜವಾದ ಜಿಯೋಮೆಟ್ರಿ ಯಾವುದೆಂದು ಹುಡುಕಲು ಹೊರಡುತ್ತಾರೆ. ಅದು ಫಲ ಕೊಡದ ಹುಡುಕಾಟ. 255 ಹೆಡ್‌ಗಳಿವೆಯೆಂದು ಪಾರ್ಟಿಶನ್ ಸಲಕರಣೆಯಾದ ಎಫ್‌ಡಿಸ್ಕ್ ಹೇಳುವ ಡಿಸ್ಕನ್ನು ಬಿಚ್ಚಿ ನೋಡಿದರೆ ಒಳಗೆ ಒಂದೆರಡು ತಟ್ಟೆಗಳೂ ಬೆರಳೆಣಿಕೆಯ ಹೆಡ್‌ಗಳೂ ಮಾತ್ರ ಇರುತ್ತವೆ. ಹೊರ ಅಂಚಿನ ಟ್ರ್ಯಾಕಿನಲ್ಲಿ ಹಿಡಿಯುವಷ್ಟು ಸೆಕ್ಟರುಗಳು ಒಳ ಅಂಚಿನದರಲ್ಲಿ ಹಿಡಿಯುವುದಿಲ್ಲವಾದ್ದರಿಂದ, ಪ್ರತಿ ಟ್ರ್ಯಾಕಿಗೆ 63 ಸೆಕ್ಟರ್ ಎಂಬುದೂ ಕಾಗದದ ಲೆಕ್ಕವೇ. ಈ ಅಂಕಿಗಳು ಹುಟ್ಟಿದ್ದು, ಕಂಪ್ಯೂಟರ್ ಆರಂಭವಾಗುವಾಗ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶವಾದ ಬಯಾಸ್ ಈ ಸಂಖ್ಯೆಗಳಿಗೆ ಕೊಟ್ಟ ಜಾಗದಿಂದ: ಸಿಲಿಂಡರಿಗೆ 10 ಬಿಟ್, ಹೆಡ್ಡಿಗೆ 8, ಸೆಕ್ಟರಿಗೆ 6. ಆ ಕಾಲದ ಐಡಿಇ ಜೋಡಣೆಯ ಡಿಸ್ಕುಗಳು 16 ಹೆಡ್‌ಗಳನ್ನು ಮೀರುವಂತಿರಲಿಲ್ಲ. ಎರಡೂ ಮಿತಿಗಳು ಕೂಡಿದಾಗ 528 ಎಂಬಿಯೇ ಗಡಿಯಾಯಿತು. ಹೆಡ್ಡುಗಳ ಸಂಖ್ಯೆಯನ್ನು 255ಕ್ಕೆ ಏರಿಸಿ ತೋರಿಸುವ ಉಪಾಯದಿಂದ ಅದು 8.4 ಜಿಬಿವರೆಗೆ ಹಿಗ್ಗಿತು. (256ರವರೆಗೆ ಹೋಗದಿರಲು ಕಾರಣ, ಆ ಸಂಖ್ಯೆಯನ್ನು ಡಾಸ್ ಅರಗಿಸಿಕೊಳ್ಳುತ್ತಿರಲಿಲ್ಲ.) ಅದರಾಚೆಗೆ ಸೆಕ್ಟರುಗಳನ್ನು ಸೊನ್ನೆಯಿಂದ ಸಾಲಾಗಿ ಎಣಿಸುವ ಎಲ್‌ಬಿಎ ಪದ್ಧತಿಯೇ ಗತಿ.

ಆದ್ದರಿಂದ ಕೇಳಬೇಕಾದದ್ದು ಯಾವ ಲೆಕ್ಕ ಸತ್ಯವೆಂದಲ್ಲ, ಬಯಾಸ್, ಪಾರ್ಟಿಶನ್ ಟೇಬಲ್ ಮತ್ತು ಇನ್‌ಸ್ಟಾಲರ್ ಮೂರೂ ಒಂದೇ ಲೆಕ್ಕವನ್ನು ಒಪ್ಪಿವೆಯೇ ಎಂದು. ಟೇಬಲ್ ಯಾವ ಲೆಕ್ಕದಲ್ಲಿ ರಚನೆಯಾಗಿದೆಯೆಂಬುದು ಅದರಲ್ಲಿಯೇ ಬರೆದಿರುತ್ತದೆ. ಹೆಡ್ಡುಗಳ ಎಣಿಕೆ ಸೊನ್ನೆಯಿಂದ, ಸೆಕ್ಟರುಗಳದು ಒಂದರಿಂದ ಆರಂಭವಾಗುವುದರಿಂದ, ಪಾರ್ಟಿಶನ್ನು ಹೆಡ್ 254, ಸೆಕ್ಟರ್ 63ಕ್ಕೆ ಮುಗಿದಿದ್ದರೆ ಅದನ್ನು 255 ಹೆಡ್, 63 ಸೆಕ್ಟರ್ ಲೆಕ್ಕದಲ್ಲಿ ಮಾಡಲಾಗಿದೆ. ಹೆಡ್ 15ಕ್ಕೆ ಮುಗಿದಿದ್ದರೆ 16ರದು, 239ಕ್ಕೆ ಮುಗಿದಿದ್ದರೆ 240ರದು. ಈ ಯಂತ್ರದಲ್ಲಿ ಟೇಬಲ್ 255 ಎನ್ನುತ್ತಿತ್ತು, ಇನ್‌ಸ್ಟಾಲರ್ 16 ಎನ್ನುತ್ತಿತ್ತು. 2.6 ಸರಣಿಯ ಲಿನಕ್ಸ್ ಕರ್ನಲ್ (ಲಿನಕ್ಸಿನ ತಿರುಳು) ಬಯಾಸ್ ಹೇಳುವ ಜಿಯೋಮೆಟ್ರಿಯನ್ನು ಕೇಳುವುದನ್ನೇ ಬಿಟ್ಟಿತ್ತು. 2004ರಲ್ಲಿ ಫೆಡೋರಾ ಕೋರ್ 2 ಎಂಬ ಲಿನಕ್ಸ್ ಆವೃತ್ತಿ ಹಾಕಿಕೊಂಡ ಹಲವರ ವಿಂಡೋಸ್ ಏಳದೆ ಹೋದದ್ದು ಇದೇ ಭಿನ್ನಾಭಿಪ್ರಾಯದಿಂದ.

ಪರಿಹಾರಕ್ಕೆ ಕೈಹಾಕುವ ಮುನ್ನ ಪಾರ್ಟಿಶನ್ ಟೇಬಲ್ ಇರುವ ಡಿಸ್ಕಿನ ಮೊದಲ ಸೆಕ್ಟರನ್ನು, ಅಂದರೆ 512 ಬೈಟುಗಳನ್ನು, ಡಿಡಿ ಆಜ್ಞೆಯಿಂದ ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಬೇಕು. ಲೆಕ್ಕಪತ್ರಗಳ ನಕಲು ಬೇರೆಯೇ ಇರಬೇಕೆಂದು ಹೇಳಬೇಕಾಗಿಲ್ಲ. ಅನಂತರ ಬಯಾಸಿನಲ್ಲಿ ಡಿಸ್ಕಿನ ವಿಧಾನವನ್ನು ಆಟೋದಿಂದ ಎಲ್‌ಬಿಎಗೆ ಬದಲಿಸಿ, ಇನ್‌ಸ್ಟಾಲರಿಗೆ 255 ಹೆಡ್, 63 ಸೆಕ್ಟರ್ ಎಂದು ಕೈಯಾರೆ ತಿಳಿಸಿದರೆ ಸಾಕು. ಟೇಬಲ್ 16 ಅಥವಾ 240 ಎನ್ನುತ್ತಿದ್ದರೆ ಈ ಬದಲಾವಣೆ ಕೂಡದು, ಇದ್ದ ಲೆಕ್ಕವನ್ನೇ ಇನ್‌ಸ್ಟಾಲರಿಗೂ ಕೊಡಬೇಕು. ಈಗಾಗಲೇ ಟೇಬಲ್ ಕೆಟ್ಟಿದ್ದರೆ, ಎಸ್‌ಎಫ್‌ಡಿಸ್ಕ್ ಎಂಬ ಸಲಕರಣೆಯ ಹಳೆಯ (2.26ಕ್ಕಿಂತ ಹಿಂದಿನ) ಆವೃತ್ತಿಯಿಂದ ಅದನ್ನು ಪಠ್ಯವಾಗಿ ಹೊರತೆಗೆದು ಸರಿಯಾದ ಹೆಡ್ ಸಂಖ್ಯೆಯೊಂದಿಗೆ ಮತ್ತೆ ಬರೆಯಿಸಬಹುದು. ಎಲ್‌ಬಿಎ ಅಂಕಿಗಳು ಹಾಗೆಯೇ ಉಳಿಯುವುದರಿಂದ ದತ್ತಾಂಶ ಕದಲುವುದಿಲ್ಲ. ತೀರ ಹಳೆಯ ಬಯಾಸ್ ಆಗಿದ್ದರೆ ಬೂಟ್ ಪಾರ್ಟಿಶನ್ನು ಮೊದಲ 1024 ಸಿಲಿಂಡರುಗಳೊಳಗೇ ಇರಬೇಕು. ಬಯಾಸಿನ ಬದಲು ಯುಇಎಫ್‌ಐ, ಹಳೆಯ ಬಗೆಯ ಟೇಬಲ್ಲಿನ ಬದಲು ಜಿಪಿಟಿ ಇರುವ ಈಚಿನ ಯಂತ್ರಗಳಿಗೆ ಈ ತಾಪತ್ರಯವೇ ಇಲ್ಲ.

ಹಳೆಯ ಮದರ್‌ಬೋರ್ಡಿನಲ್ಲಿ ಬ್ಯಾಟರಿಯನ್ನು ನೋಡಿ ಬದಲಿಸುವ ಇನ್ನೊಂದು ಕೆಲಸವನ್ನು ಎಲ್ಲಕ್ಕಿಂತ ಮೊದಲೇ ಮಾಡುವುದು ಲೇಸು. ಬಯಾಸಿನ ಹೊಂದಿಕೆಗಳನ್ನು ಉಳಿಸಿಡುವ ಅದರ ಸಿಆರ್2032 ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋದಾಗಲೆಲ್ಲ ಬಯಾಸ್ ತನ್ನ ಮೂಲ ಹೊಂದಿಕೆಗೆ ಮರಳುತ್ತದೆ, ಎಲ್‌ಬಿಎ ಎಂದು ಇಟ್ಟದ್ದು ಮತ್ತೆ ಆಟೋ ಆಗಿ ಕುಳಿತಿರುತ್ತದೆ.